ಮಾಂಜ್ರಾ ದಾಟಿದ ಡಬ್ಬಿ

ಚಿದ್ರಿ, ಬೀದರ
2 ಜುಲೈ 2025

ರವಿಕಿರಣ,

ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಹದಿನೈದು ತಿಂಗಳು ದಾಟಿತು. ಅಂಚೆಯವರನ್ನು ಬ್ಲಾಕ್ ಮಾಡುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅದಕ್ಕೇ ಈ ಪತ್ರ. ನನಗೆ ಗೊತ್ತಿರುವುದು ನಿಮ್ಮ ಸಾಯಗಾಂವದ ಮನೆಯ ವಿಳಾಸ ಒಂದೇ. ನೀನು ಅಲ್ಲೇ ಇದ್ದೀಯೋ ಇಲ್ಲವೋ ತಿಳಿಯದು.

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮೆ ಕೇಳುವ ಪತ್ರವಲ್ಲ. ಪಿಯುಸಿ ಇತಿಹಾಸ ಪರೀಕ್ಷೆಯ ದಿನ ಸ್ಕ್ವಾಡಿನ ಅಧಿಕಾರಿ ನನ್ನ ಪಕ್ಕ ನಿಂತು, "ಮುಂದಿನ ಹುಡುಗನ ಹತ್ತಿರ ಚೀಟಿ ಇದೆಯಾ? ನೀನು ನೋಡಿದ್ದೀಯಾ?" ಎಂದು ನನ್ನನ್ನೇ ಕೇಳಿದರು. ನಿನ್ನ ಎಡ ತೋಳಿನ ಮಡಿಕೆಯಲ್ಲಿ ಅದು ಇದ್ದದ್ದನ್ನು ನಾನು ನೋಡಿದ್ದೆ. "ನೋಡೀನ್ರಿ" ಎಂದೆ. ನೋಡಿದ್ದನ್ನು ನೋಡಿಲ್ಲ ಎನ್ನಲು ನನಗೆ ಬರುವುದಿಲ್ಲ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವನಿಗೆ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಿನ್ನ ಅವ್ವ ಕಳಿಸುತ್ತಿದ್ದ ಡಬ್ಬಿಯನ್ನು ನನ್ನೊಂದಿಗೆ ಹಂಚಿಕೊಂಡು ಉಂಡವನಿಗೆ ಇದು ಗೊತ್ತಿರಬೇಕು.

ಆದರೆ ಒಂದು ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ. ಆ ಚೀಟಿಯಲ್ಲಿ ಇದ್ದದ್ದು ಅಮೆರಿಕದ ಅಂತರ್ಯುದ್ಧ, ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡೆದ ಯುದ್ಧ. ಆ ಪಾಠ ನಿನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ನಿನಗೆ ಚೀಟಿ ಯಾಕೆ ಬೇಕಿತ್ತು?

ಇನ್ನೊಂದು. ನಿನ್ನ ಡಿಬಾರ್ ಅವಧಿ ಮುಗಿದಿದೆ. ಬರುವ ಮಾರ್ಚಿನಲ್ಲಿ ನೀನು ಪರೀಕ್ಷೆಗೆ ಕೂರಬಹುದು. ಕೂರುತ್ತೀಯಾ?

ಅಖೀಲ


ಔರಾದ
9 ಆಗಸ್ಟ್ 2025

ಅಖೀಲ,

ನಿನ್ನ ಪತ್ರ ಸಾಯಗಾಂವಕ್ಕ ಹೋಗಿ, ಅವ್ವ ಅದನ್ನ ಯಾರ ಕೈಯಾಗೋ ಕೊಟ್ಟು, ಇಲ್ಲಿ ಮಾವನ ಊರಿಗಿ ಬರೋದ್ರಾಗ ತಿಂಗಳ ಮ್ಯಾಲ ಆಗ್ಯದ. ನಾ ಇಲ್ಲಿ ಕುರಿ ಕಾಯ್ತೀನಿ. ನೂರಾ ನಲವತ್ತು ಕುರಿ ಅವ. ಅದರಾಗ ಒಂದೂ ಇನ್ನೂ ಸ್ಕ್ವಾಡಿಗಿ ನನ್ನ ಹೆಸರು ಹೇಳಿಲ್ಲ.

ಪತ್ರ ಬರೀಬ್ಯಾಡ.

ರವಿಕಿರಣ

ನಿನ್ನ ಡಿಗ್ರಿ ಚಲೋ ನಡದಿರಬೇಕು.


ಚಿದ್ರಿ, ಬೀದರ
16 ಆಗಸ್ಟ್ 2025

ರವಿ,

ಬರೆಯಬೇಡ ಎಂದು ನೀನು ಹೇಳಿದೆ. ಬರೆಯುವುದಿಲ್ಲ ಎಂದು ನಾನು ಮಾತು ಕೊಟ್ಟಿಲ್ಲ.

ಮುರ್ತುಜಾ ಚಾಚಾನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕರೆಂಟ್ ಹೋಗಿದೆ. ಬೆಳಿಗ್ಗೆ ಒಬ್ಬ ಬಂದು ಗೈಡಿನ ಹತ್ತು ಪುಟಗಳನ್ನು ಬೆರಳಗಲದ ಚೀಟಿಯಾಗಿ ಮಾಡಿಕೊಡು ಎಂದ. ಮಾಡುವುದಿಲ್ಲ ಎಂದೆ. ಅವನು ಹೋದ ಮೇಲೆ ಚಾಚಾ ತಲೆ ಚಚ್ಚಿಕೊಂಡ. "ಅರೇ, ಅದರಾಗ ಏನದ ಅಂತ ನಿನಗ್ಯಾರು ಕೇಳ್ಯಾರ? ಮಷಿನಿಗಿ ಕಣ್ಣ ಅದಾವೇನು?" ಎಂದ. "ಮಷಿನಿಗಿ ಇಲ್ಲ ಚಾಚಾ, ನನಗವ" ಎಂದೆ. "ನಿನ್ನ ಕಣ್ಣೇ ನನ್ನ ಅಂಗಡಿ ಮುಚ್ಚಿಸ್ತಾವ ನೋಡು" ಎಂದು ಬೈಯುತ್ತ ಚಹಾ ಕುಡಿಯಲು ಹೋಗಿದ್ದಾನೆ.

ಆ ಹುಡುಗನನ್ನು ನೋಡಿ ನಿನ್ನ ಚೀಟಿ ನೆನಪಾಯಿತು. ಸಿಟ್ಟಾಗಬೇಡ, ನಗಲೇಬೇಕಾದ ಮಾತು ಇದು. ಚೀಟಿ ಅಂದರೆ ಇರುವೆ ಸಾಲಿನ ಹಾಗಿರಬೇಕು. ನಿನ್ನದು ಹೇಗಿತ್ತು? ಅಧಿಕಾರಿ ಅದನ್ನು ಎತ್ತಿ ಹಿಡಿದಾಗ ಹಿಂದಿನ ಬೆಂಚಿನಿಂದ ನಾನೇ ಓದಬಹುದಾಗಿತ್ತು. ಒಂದೊಂದು ಅಕ್ಷರ ಕಡಲೆಕಾಳಿನಷ್ಟು! ಅಷ್ಟು ದೊಡ್ಡದಾಗಿ ಯಾರಾದರೂ ಬರೆಯುತ್ತಾರೆಯೇ, ಮಾರಾಯ? ಕಾಪಿ ಹೊಡೆಯುವುದೂ ಒಂದು ಕಸುಬು, ಅದು ನಿನಗೆ ಬರುವುದಿಲ್ಲ.

ಜ್ಞಾನೇಶ್ವರ ಸರ್ ಆ ಪಾಠ ಮಾಡಿದ್ದು ನೆನಪಿದೆಯೇ? ಪುಸ್ತಕದಲ್ಲಿದ್ದದ್ದು ಒಂದೇ ಪ್ಯಾರಾ. ಅವರು ಮೂರು ದಿನ ಹೇಳಿದರು. ಕಿಟಕಿಯ ಕಡೆಯ ಬೆಂಚುಗಳು ಉತ್ತರ, ಗೋಡೆಯ ಕಡೆಯವು ದಕ್ಷಿಣ. ಚೀಟಿ ಎತ್ತಿ ನಮ್ಮನ್ನು ಬೇರೆ ಬೇರೆ ಕೂರಿಸಿದರು. ನಾನು ಉತ್ತರ, ನೀನು ದಕ್ಷಿಣ. ಈಗ ನಕಾಶೆಯೇ ತಿರುಗಿದೆ ನೋಡು. ಮಾಂಜ್ರಾ ನದಿಯ ಉತ್ತರಕ್ಕೆ ಔರಾದದಲ್ಲಿ ನೀನು, ದಕ್ಷಿಣಕ್ಕೆ ಬೀದರದಲ್ಲಿ ನಾನು.

ಮೂರನೇ ದಿನ ಅವರು ಹೇಳಿದ್ದು ಪುಸ್ತಕದಲ್ಲೂ ಇರಲಿಲ್ಲ, ಗೈಡಿನಲ್ಲೂ ಇರಲಿಲ್ಲ. ಒಂದು ಚಳಿಗಾಲ ಎರಡೂ ಸೈನ್ಯಗಳು ಒಂದೇ ನದಿಯ ಎರಡು ದಂಡೆಗಳಲ್ಲಿ ಬೀಡುಬಿಟ್ಟಿದ್ದವು. ಉತ್ತರದವರ ಹತ್ತಿರ ಕಾಫಿ ಇತ್ತು, ತಂಬಾಕು ಇರಲಿಲ್ಲ. ದಕ್ಷಿಣದವರ ಹತ್ತಿರ ತಂಬಾಕು ಇತ್ತು, ಕಾಫಿ ಇರಲಿಲ್ಲ. ಕಾವಲಿನ ಸಿಪಾಯಿಗಳು ಹಲಗೆಯ ತುಂಡಿನಿಂದ ಗೇಣುದ್ದದ ದೋಣಿ ಮಾಡಿ, ಚಿಂದಿಯ ಹಾಯಿ ಕಟ್ಟಿ, ಕಾಫಿ ತುಂಬಿ ಆಚೆ ದಂಡೆಗೆ ಬಿಡುತ್ತಿದ್ದರು. ಅದೇ ದೋಣಿ ತಂಬಾಕು ಹೊತ್ತು ತಿರುಗಿ ಬರುತ್ತಿತ್ತು. ನೀನು ಎದ್ದು ನಿಂತು ಕೇಳಿದೆ, "ಸರ್, ಆಮ್ಯಾಲ ಮತ್ತ ಗುಂಡು ಹಾರಿಸಿದ್ರೇನ್ರಿ?" ಸರ್, "ಹಾರಿಸಿದ್ರು. ಹಂಗಂತ ದೋಣಿ ಬಿಟ್ಟಿದ್ದು ಸುಳ್ಳಾಗ್ತದೇನು?" ಎಂದರು.

ಮನೆಯಲ್ಲಿ ಅಮ್ಮಿಗೆ ಎಲ್ಲವೂ ಗೊತ್ತು. "ದೋಸ್ತಿ ಮೇ ಭೀ ಸ್ಕ್ವಾಡ್ ಬನ್ತೇ ಕ್ಯಾ ರೇ?" ಎಂದು ಈಗಲೂ ಕೇಳುತ್ತಾಳೆ. ದೋಸ್ತಿಯಲ್ಲೂ ಸ್ಕ್ವಾಡ್ ಆಗುತ್ತಾರೇನೋ ಎಂದು.

ಅಖೀಲ


ಚಿದ್ರಿ, ಬೀದರ
12 ಸೆಪ್ಟೆಂಬರ್ 2025

ರವಿ,

ಮಾಂಜ್ರಾ ತುಂಬಿ ಹರಿದಾಗ ಔರಾದ ಬಸ್ಸುಗಳು ನಿಂತಿದ್ದವು. ಅದಕ್ಕೇ ನಿನ್ನ ಉತ್ತರ ಬಂದಿಲ್ಲ ಅಂದುಕೊಂಡೆ. ಈಗ ನೀರು ಇಳಿದಿದೆ. ಜನವಾಡದ ಮಾರ್ಗವಾಗಿ ಬಸ್ಸುಗಳು ಓಡುತ್ತಿವೆ. ಇನ್ನು ನದಿಯ ನೆಪ ಹೇಳಿಕೊಳ್ಳಲಾರೆ. ಚೀಟಿಯ ಬಗ್ಗೆ ನಕ್ಕದ್ದು ತಪ್ಪಾಯಿತೇನೋ.

ಅಖೀಲ


ಔರಾದ
21 ಸೆಪ್ಟೆಂಬರ್ 2025

ಅಖೀಲ,

ಮಳೆಯಲ್ಲಿ ಕುರಿಗಳನ್ನು ದಿಬ್ಬದ ಮೇಲೆ ಹೊಡೆದುಕೊಂಡು ಹೋಗಿ ಅಲ್ಲೇ ಹನ್ನೆರಡು ದಿನ ಇದ್ದೆವು. ನಿನ್ನ ಎರಡೂ ಪತ್ರ ಒಟ್ಟಿಗೆ ಸಿಕ್ಕವು. ಮೊದಲನೆಯದನ್ನು ಒಲೆಗೆ ಹಾಕಬೇಕೆಂದಿದ್ದೆ. ಆಯಿ ಬಿಡಲಿಲ್ಲ. ಆಯಿ ಅಂದರೆ ನನ್ನ ಅವ್ವನ ಅವ್ವ ಸುಂದರಬಾಯಿ. ಅವಳಿಗೆ ಓದಲು ಬರುವುದಿಲ್ಲ, ಆದರೆ ಮನೆಗೆ ಬಂದ ಕಾಗದ ಓದದೆ ಸುಡಬಾರದು ಅನ್ನುತ್ತಾಳೆ. ಓದಿ ಹೇಳಿದೆ. ನಿನ್ನ ಯುದ್ಧ ಅವಳಿಗೆ ಹಿಡಿಸಿಬಿಟ್ಟಿದೆ.

"ಯಾಕ ಬಡದಾಡಿದ್ರು ಅವರು?" ಎಂದು ಕೇಳಿದಳು. ದಕ್ಷಿಣದವರು ಮನುಷ್ಯರನ್ನು ಕೊಂಡು ಮಾರಿ, ಹತ್ತಿ ಹೊಲದಲ್ಲಿ ದುಡಿಸುತ್ತಿದ್ದರು, ಅದನ್ನು ಬಿಡಲು ಒಪ್ಪಲಿಲ್ಲ ಎಂದೆ.

"ಮಂದಿನ್ನ ಮಾರತಿದ್ರಾ? ಕುರಿ ಮಾರೂ ಮುಂದ ನಮಗ ಎರಡು ದಿನ ಕೂಳು ಸೇರಂಗಿಲ್ಲ. ಅವರಿಗಿ ಹ್ಯಾಂಗ ಸೇರತಿತ್ತು?" ಎಂದಳು. ಇದಕ್ಕೆ ಎಷ್ಟು ಅಂಕದ ಉತ್ತರ ಬರೆಯಲಿ?

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೇಳಬಾರದು ಎಂದುಕೊಂಡಿದ್ದೆ. ಆದರೆ ನೀನು ನಕ್ಕೆಯಲ್ಲ, ಅಕ್ಷರ ಕಡಲೆಕಾಳಿನಷ್ಟು ದೊಡ್ಡದು ಎಂದು.

ಪರೀಕ್ಷೆಯ ಆ ವಾರ ನಿನ್ನ ಅಮ್ಮಿ ದವಾಖಾನೆಯಲ್ಲಿದ್ದಳು. ಇತಿಹಾಸ ಓದಲು ನಿನಗೆ ಒಂದು ದಿನವೂ ಸಿಕ್ಕಿರಲಿಲ್ಲ. ವಾರ್ಡಿನಲ್ಲಿ ಯಾರೋ ನಿನ್ನ ಚಸ್ಮಾ ತುಳಿದು ಒಡೆದಿದ್ದರು. ಚಸ್ಮಾ ಇಲ್ಲದೆ ಹತ್ತಿರದ ಸಣ್ಣ ಅಕ್ಷರ ನಿನಗೆ ಕಾಣಿಸುತ್ತಿರಲಿಲ್ಲ. ಅವತ್ತು ಪ್ರಶ್ನೆಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿದು ಓದುತ್ತಿದ್ದೆಯಲ್ಲ, ನೆನಪಿದೆಯೇ?

ಇರುವೆ ಸಾಲಿನ ಹಾಗೆ ಬರೆದಿದ್ದರೆ ನೀನು ಹೇಗೆ ಓದುತ್ತಿದ್ದೆ?

ಹಿಂದಕ್ಕೆ ದಾಟಿಸಲು ಹೊತ್ತು ನೋಡುತ್ತಿದ್ದೆ. ಅಷ್ಟರಲ್ಲಿ ಸ್ಕ್ವಾಡ್ ಬಂತು.

ರವಿಕಿರಣ


ಚಿದ್ರಿ, ಬೀದರ
25 ಸೆಪ್ಟೆಂಬರ್ 2025

ರವಿ,

ನಿನ್ನ ಪತ್ರವನ್ನು ಏಳು ಸಲ ಓದಿದೆ. ಚಸ್ಮಾ ಹಾಕಿಕೊಂಡೇ.

ನೀನು ಕೊಟ್ಟಿದ್ದರೂ ನಾನು ಆ ಚೀಟಿ ತೆಗೆದುಕೊಳ್ಳುತ್ತಿರಲಿಲ್ಲ. ಇದು ನಿಜ, ಆದ್ದರಿಂದ ಬರೆಯಲೇಬೇಕು. ಅದು ನಿನಗೂ ಗೊತ್ತಿತ್ತು, ಆದರೂ ಬರೆದೆ. ಪರೀಕ್ಷೆಯ ಹಿಂದಿನ ದಿನ ನಿನ್ನ ಓದು ಬಿಟ್ಟು ನನಗಾಗಿ ಕಡಲೆಕಾಳಿನಷ್ಟು ದೊಡ್ಡ ಅಕ್ಷರ ಬರೆಯುತ್ತ ಕೂತೆ.

ಮೊದಲ ಪತ್ರದಲ್ಲಿ ನಾನು ಕ್ಷಮೆ ಕೇಳುವುದಿಲ್ಲ ಎಂದಿದ್ದೆ. ನೋಡಿದ್ದನ್ನು ಹೇಳಿದ್ದಕ್ಕೆ ಈಗಲೂ ಕೇಳುವುದಿಲ್ಲ. ಆದರೆ ಇನ್ನೊಂದಿದೆ. ಅವತ್ತು "ನೋಡೀನ್ರಿ" ಅನ್ನುವಾಗ ನನ್ನ ಹೊಟ್ಟೆಯಲ್ಲಿ ಒಂದು ಸಣ್ಣ ಖುಷಿ ಆಗಿತ್ತು. ಎರಡು ವರ್ಷ ಎಲ್ಲ ಪರೀಕ್ಷೆಯಲ್ಲೂ ನೀನು ನನಗಿಂತ ಮುಂದೆ. ಇವನು ಹೀಗೇ ಮುಂದೆ ಹೋದನೇನೋ ಎಂದು ಒಂದು ಕ್ಷಣ ಅನಿಸಿತು. ಬಾಯಿಂದ ಬಂದದ್ದು ಖರೆ, ಅದರ ಬೆನ್ನಿಗೆ ಹೊಟ್ಟೆಕಿಚ್ಚೂ ಬಂದಿತ್ತು. ಆ ಹೊಟ್ಟೆಕಿಚ್ಚಿಗೆ ಕ್ಷಮೆ ಕೇಳುತ್ತೇನೆ. ಈ ಮಾತನ್ನು ಅಮ್ಮಿಗೂ ಹೇಳಿರಲಿಲ್ಲ.

ಪರೀಕ್ಷೆಯ ಫಾರ್ಮು ತುಂಬಲು ನವೆಂಬರ್ ಕೊನೆಯವರೆಗೆ ಅವಕಾಶವಿದೆ. ಫಾರ್ಮು ನಮ್ಮ ಅಂಗಡಿಗೇ ಬಂದಿವೆ. ನಿನ್ನ ಸಹಿ, ಎರಡು ಫೋಟೋ ಸಾಕು, ಉಳಿದದ್ದು ನಾನು ಮಾಡುತ್ತೇನೆ. ಬರೆ ರವಿ. ಕುರಿಗಳಿಗೆ ನೀನು ಬೇಡ ಅಂತಲ್ಲ, ಆದರೆ ಒಂದು ಪೇಪರ್ ನಿನಗಾಗಿ ಕಾದಿದೆ.

ಅಖೀಲ


ಔರಾದ
14 ಅಕ್ಟೋಬರ್ 2025

ಅಖೀಲ,

ನಿನ್ನ ಪತ್ರವನ್ನು ಆಯಿಗೆ ಓದಿ ಹೇಳಿದೆ. ಹೊಟ್ಟೆಕಿಚ್ಚಿನ ಮಾತು ಬಂದಾಗ ನನ್ನ ದನಿ ತಗ್ಗಿತು. ಅವಳು "ಜೋರಾಗಿ ಓದು, ಅದೇ ಅದರಾಗ ಚಲೋ ಮಾತು" ಎಂದಳು.

ಆದರೆ ಫಾರ್ಮು ಬೇಡ. ಒಂದು, ದೀಪಾವಳಿ ಆದ ಮೇಲೆ ನಾವು ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಇಳಿಯುತ್ತೇವೆ, ಶಿವರಾತ್ರಿಗೇ ತಿರುಗುವುದು. ಅಲ್ಲಿ ಕೊಯ್ದ ಗದ್ದೆಯಲ್ಲಿ ಕೂತು ಏನು ಓದಲಿ? ಎರಡು, ಪರೀಕ್ಷೆಯ ಹಾಲ್ ನೆನೆದರೆ ಈಗಲೂ ಹೆದರಿಕೆ. ನಮ್ಮ ಅಪ್ಪ ಮನೆಗೆ ಬರಬೇಡ ಅಂದಿಲ್ಲ. ನಾನೇ ಸಾಯಗಾಂವಕ್ಕೆ ಹೋಗಿಲ್ಲ. ಡಿಬಾರ್ ಆದವನ ಮುಖ ಹೊತ್ತು ಹೇಗೆ ಹೋಗಲಿ?

ಮೂರನೆಯದು ನಿನ್ನದು. ನಿನ್ನ ಡಿಗ್ರಿ ಹೇಗಿದೆ ಎಂದು ಆಗಸ್ಟಿನಲ್ಲೇ ಕೇಳಿದ್ದೆ. ನೀನು ಅದಕ್ಕೆ ಉತ್ತರವೇ ಕೊಡಲಿಲ್ಲ. ಮೊನ್ನೆ ಇಲ್ಲಿಂದ ಬೀದರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಅಮಿತಕುಮಾರನನ್ನು ವಿಚಾರಿಸಿದೆ. "ಆ ಚಸ್ಮಾದವನಾ? ಮುಂಜಾನಿಂದ ಸಂಜಿತನ ಅಂಗಡಿಯಾಗೇ ಇರ್ತಾನಲ! ಯಾವ ಕಾಲೇಜಿಗಿ ಹೋಗ್ತಾನಂವ?" ಎಂದ.

ಖರೆ ಹೇಳುವ ಮನುಷ್ಯ ನೀನು. ಮುಚ್ಚಿಟ್ಟದ್ದನ್ನು ಏನಂತ ಕರೆಯುತ್ತೀ?

ಇದರ ಜೊತೆ ಅಮಿತಕುಮಾರನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ನಾನಲ್ಲ, ಆಯಿ ಕಳಿಸಿದ್ದು. "ಖರೆ ಹೇಳಿ ಹೇಳಿ ಆ ಹುಡುಗ ಉಪವಾಸ ಬಿದ್ದಿರಬೇಕು" ಎಂದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನು ನಿನ್ನ ಅಂಗಡಿಯ ಮುಂದೆಯೇ ಕೊಡುತ್ತಾನೆ.

ರವಿಕಿರಣ


ಚಿದ್ರಿ, ಬೀದರ
17 ಅಕ್ಟೋಬರ್ 2025

ರವಿ,

ಡಬ್ಬಿ ಸಿಕ್ಕಿತು. ಅಮಿತಕುಮಾರ ಬಸ್ಸಿನಿಂದಲೇ ಕೂಗಿದ, "ಏ ಝೆರಾಕ್ಸ್! ತಗೊ ನಿಂದು! ದಾರಿ ತುಂಬ ಪುಂಡಿಪಲ್ಯದ ವಾಸನಿ, ನನಗ ಟಿಕೇಟ್ ಹರಿಯೋದೇ ಆಗಿಲ್ಲ." ರೊಟ್ಟಿ ಎಣಿಸಿದೆ, ಎಂಟು ಇದ್ದವು. ಒಬ್ಬನಿಗೆ ಎಂಟು ರೊಟ್ಟಿ ಕಟ್ಟುವುದಿಲ್ಲ. ನಿನ್ನ ಅವ್ವ ನಮ್ಮಿಬ್ಬರಿಗೆ ಕಟ್ಟುತ್ತಿದ್ದದ್ದೂ ಎಂಟೇ. ನಾಲ್ಕು ತಿಂದು, ನಿನ್ನ ಪಾಲಿನ ನಾಲ್ಕನ್ನು ಎತ್ತಿಟ್ಟೆ.

ಈಗ ಉತ್ತರ. ಮುಚ್ಚಿಟ್ಟದ್ದಕ್ಕೆ ಸುಳ್ಳು ಎಂದೇ ಹೆಸರು.

ಅವತ್ತು ನಿನ್ನನ್ನು ಹಾಲಿನಿಂದ ಕರೆದುಕೊಂಡು ಹೋದ ಮೇಲೆ ನಾನು ಒಂದು ಅಕ್ಷರವನ್ನೂ ಬರೆಯಲಿಲ್ಲ. ಖಾಲಿ ಪೇಪರ್ ಕೊಟ್ಟು ಹೊರಬಂದೆ. ಉಳಿದ ಪೇಪರಿಗೆ ಹೋಗಲಿಲ್ಲ. ಮರುಪರೀಕ್ಷೆಗೂ ಹೋಗಲಿಲ್ಲ. ಆಮೇಲೆ ಮೊಬೈಲ್ ಅಂಗಡಿ ಸೇರಿದೆ, ಗಿರಾಕಿಗೆ "ಇದು ಕಂಪನಿ ಗ್ಲಾಸ್ ಅಲ್ಲರಿ" ಎಂದೆ, ಎರಡನೇ ವಾರಕ್ಕೆ ಹೊರಗೆ ಬಂದೆ. ಬಿದ್ರಿ ಕಾರ್ಖಾನೆಯಲ್ಲಿ ಹೂದಾನಿ ಉಜ್ಜಿದೆ, ಕೂತಲ್ಲೇ ಕೂರಲಾಗದೆ ಬಿಟ್ಟೆ. ಹಣ್ಣಿನ ಗಾಡಿ ಮೂರು ದಿನ. ಈ ಅಂಗಡಿ ನಾಲ್ಕನೆಯದು. ಡಿಗ್ರಿ ಎಲ್ಲಿಂದ ಬರಬೇಕು? ನಾನೂ ಪಿಯುಸಿ ಬಿಟ್ಟವನೇ.

ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ನನ್ನ ಮೇಲೆ ಕನಿಕರಪಟ್ಟು ಸಿಟ್ಟು ಬಿಡುತ್ತಿದ್ದೆ. ನಿನ್ನ ಸಿಟ್ಟು ನನ್ನ ಪಾಲಿನದು, ಅದನ್ನು ಕನಿಕರ ಹುಟ್ಟಿಸಿ ಬಿಡಿಸಿಕೊಳ್ಳಬಾರದು ಅನಿಸಿತು. ಹೀಗೆ ಯೋಚಿಸುತ್ತ ಯೋಚಿಸುತ್ತ ಸುಳ್ಳುಗಾರನಾದೆ.

ಡಬ್ಬಿ ತಿರುಗಿ ಕಳಿಸುತ್ತಿದ್ದೇನೆ. ಅಮ್ಮಿ ಅದರಲ್ಲಿ ಡಬಲ್ ಕಾ ಮೀಠಾ ತುಂಬಿದ್ದಾಳೆ, ಪಾಕದಲ್ಲಿ ನೆನೆಸಿದ ಬ್ರೆಡ್ಡಿನ ಸಿಹಿ. "ಖಾಲಿ ಡಬ್ಬಾ ನಕ್ಕೋ ಭೇಜ್, ಅವರೇನು ಅಂದುಕೊಂಡಾರು!" ಎಂದಳು, ಖಾಲಿ ಕಳಿಸಬಾರದಂತೆ. ಕೆಳಗಿನ ಪಾತ್ರೆಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನಿನ್ನ ಫಾರ್ಮಿದೆ. ಪಾಕ ಸೋರಿದರೂ ಒಳಗೆ ಹೋಗುವುದಿಲ್ಲ.

ಅಖೀಲ


ಔರಾದ
28 ಅಕ್ಟೋಬರ್ 2025

ಅಖ್ಯಾ,

ಡಬಲ್ ಕಾ ಮೀಠಾವನ್ನು ಆಯಿ ಒಬ್ಬಳೇ ಮುಗಿಸಿದಳು. "ಹಲ್ಲಿಲ್ಲದವರಿಗಾಗೇ ಮಾಡ್ಯಾರ" ಎನ್ನುತ್ತಾಳೆ.

ಎರಡು ವರ್ಷವಾಗುತ್ತ ಬಂತು, ನೀನು ಗೆದ್ದೆ ಎಂದು ನಾನು ಸಿಟ್ಟಿನಲ್ಲಿದ್ದೆ. ನಾನಿಲ್ಲಿ ಕುರಿಯ ಹಿಂದೆ, ನೀನಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ, ಹೀಗೆ ಒಂದು ಚಿತ್ರ ಇಟ್ಟುಕೊಂಡಿದ್ದೆ. ಈಗ ನೋಡಿದರೆ ಎರಡೂ ಕಡೆಯವರು ಸೋತಿದ್ದಾರೆ. ಈ ಯುದ್ಧವನ್ನು ಯಾವ ಗೈಡಿನಲ್ಲಿ ಬರೆಯುತ್ತಾರೆ?

ಫಾರ್ಮಿಗೆ ಸಹಿ ಹಾಕಿಲ್ಲ, ಹಾಗೇ ಕಳಿಸಿದ್ದೇನೆ. ಒಂದು ಶರತ್ತು ಇದೆ. ನಿನ್ನ ಫಾರ್ಮನ್ನೂ ತುಂಬಿ ಎರಡನ್ನೂ ಒಟ್ಟಿಗೆ ಕಳಿಸು. ನಿನ್ನದರಲ್ಲಿ ನಿನ್ನ ಸಹಿ ಕಂಡರೆ ನನ್ನದರಲ್ಲಿ ನನ್ನದು ಬೀಳುತ್ತದೆ. ನವೆಂಬರ್ ಐದಕ್ಕೆ ನಾವು ಹೊರಡುತ್ತೇವೆ.

ನಂಬರ್ ಅನ್‌ಬ್ಲಾಕ್ ಮಾಡಿದ್ದೇನೆ. ಆದರೆ ಫೋನ್ ಮಾಡಬೇಡ. ಪತ್ರದಲ್ಲಿ ನೀನು ಕಡಿಮೆ ಜಗಳಾಡುತ್ತೀ.

ರವಿ


ಚಿದ್ರಿ, ಬೀದರ
1 ನವೆಂಬರ್ 2025

ರವ್ಯಾ,

ಎರಡೂ ಫಾರ್ಮು ಡಬ್ಬಿಯ ತಳದಲ್ಲಿವೆ. ನನ್ನದಕ್ಕೆ ಸಹಿ ಹಾಕಲು ಎರಡು ದಿನ ಹಿಡಿಯಿತು. ಪೆನ್ನು ಎತ್ತಿದಾಗೆಲ್ಲ ಆ ಖಾಲಿ ಪೇಪರ್ ಕಣ್ಣಿಗೆ ಬರುತ್ತಿತ್ತು. ಕೊನೆಗೆ ಮುರ್ತುಜಾ ಚಾಚಾ ಫಾರ್ಮು ಕಿತ್ತುಕೊಂಡು, "ಹಾಕ್ತೀಯೋ, ನಾನೇ ಹಾಕ್ಲ್ಯಾ?" ಎಂದ. ಇನ್ನೊಬ್ಬರ ಸಹಿ ಹಾಕುವುದು ಅಪರಾಧ ಚಾಚಾ ಎಂದು ಹೇಳಿ ನಾನೇ ಹಾಕಿದೆ.

ಅವುಗಳ ಕೆಳಗೆ ನೋಟ್ಸಿನ ಝೆರಾಕ್ಸ್ ಇದೆ. ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇನೆ, ಉತ್ತರ ಬರೆಯಲು. ಯುದ್ಧದ ಕಾರಣ ಎಂಬಲ್ಲಿ ಗೈಡಿನ ಮಾತನ್ನು ಹೊಡೆದುಹಾಕಿದ್ದೇನೆ. ಎರಡೂ ಕಡೆಯವರಿಗೆ 'ಅಭಿಪ್ರಾಯಭೇದ' ಇತ್ತಂತೆ. ಮನುಷ್ಯರನ್ನು ಕಟ್ಟಿ ದುಡಿಸಿದ್ದು ಅಭಿಪ್ರಾಯವೇ? ಆಯಿ ಕೇಳಿದ ಪ್ರಶ್ನೆಯನ್ನೇ ಅಲ್ಲಿ ಬರೆದಿದ್ದೇನೆ.

ದಾರಿಯಲ್ಲಿ ಹುಷಾರು. ಫಾರ್ಮು ಮಾತ್ರ ಹೊರಡುವ ಮುಂಚೆ ಕಳಿಸು.

ಅಖ್ಯಾ


ಔರಾದ
4 ನವೆಂಬರ್ 2025

ಸಹಿ ಹಾಕಿದ್ದೇನೆ. ನೋಟ್ಸನ್ನು ಕಂಬಳಿಯಲ್ಲಿ ಸುತ್ತಿಕೊಂಡಿದ್ದೇನೆ. ನಾಳೆ ಹೊರಡುತ್ತೇವೆ. ಓದುತ್ತೇನೋ ಇಲ್ಲವೋ ಮಾತು ಕೊಡುವುದಿಲ್ಲ. ಮಾತು ಕೊಟ್ಟರೆ ನೀನು ಹಿಡಿದು ಕೂರುತ್ತೀ.

ರವಿ


ಚಿದ್ರಿ, ಬೀದರ
11 ಜನವರಿ 2026

ರವ್ಯಾ,

ನೀನು ಯಾವ ಊರಿನ ಗದ್ದೆಯಲ್ಲಿದ್ದೀಯೋ ಗೊತ್ತಿಲ್ಲ. ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಈ ಪತ್ರವನ್ನು ಆಯಿಯ ವಿಳಾಸಕ್ಕೇ ಹಾಕುತ್ತಿದ್ದೇನೆ, ನೀನು ಬಂದಾಗ ಸಿಗಲಿ.

ನಾನು ಬೆಳಿಗ್ಗೆ ಐದಕ್ಕೆ ಎದ್ದು ಓದುತ್ತೇನೆ. ಕೂತು ಓದಲಾಗುವುದಿಲ್ಲ, ಅಂಗಳದಲ್ಲಿ ತಿರುಗುತ್ತ ಓದುತ್ತೇನೆ. ಪಕ್ಕದ ಮನೆಯ ನಸ್ರೀನ ಆಪಾ, "ಚಕ್ಕರ್ ಹೊಡದು ಹೊಡದು ಅಂಗಳಕ್ಕ ಗುಂಡಿ ಬೀಳಸ್ತೀ" ಎನ್ನುತ್ತಾಳೆ. ಭಯವಾಗುತ್ತದೆ ರವಿ. ಫೇಲಾಗುವ ಭಯವಲ್ಲ. ಆ ಹಾಲಿನಲ್ಲಿ ಮುಂದಿನ ಬೆಂಚಿನತ್ತ ನೋಡಿದರೆ ಏನಾಗುತ್ತದೋ ಎಂಬ ಭಯ.

ನೀನು ಬರದಿದ್ದರೂ ನಾನು ಬರೆಯುತ್ತೇನೆ. ಇದನ್ನು ನಿನಗಾಗಿ ಹೇಳಿದ್ದಲ್ಲ, ನನಗಾಗಿ ಹೇಳಿಕೊಂಡದ್ದು.

ಅಖ್ಯಾ


ಔರಾದ
18 ಫೆಬ್ರುವರಿ 2026

ಅಖ್ಯಾ,

ಬಂದೆವು. ಎರಡು ಕುರಿ ಕಳೆದವು, ಹದಿನೇಳು ಮರಿ ಹುಟ್ಟಿದವು. ಅದರಲ್ಲಿ ಒಂದು, ಕಣ್ಣ ಸುತ್ತ ಕಪ್ಪು ಬಳೆ ಇರುವ ಮರಿ, ಕಂಡದ್ದನ್ನೆಲ್ಲ ಕೂಗಿ ಎಲ್ಲರಿಗೂ ತಿಳಿಸುತ್ತದೆ. ಅದಕ್ಕೆ ಆಯಿ ನಿನ್ನ ಹೆಸರಿಟ್ಟಿದ್ದಾಳೆ.

ಫೋನ್ ಮೊದಲ ವಾರವೇ ಕಾಲುವೆಗೆ ಬಿತ್ತು. ಒಳ್ಳೆಯದೇ ಆಯಿತು. ಈ ಡಬ್ಬಿಯಲ್ಲಿ ರೊಟ್ಟಿಯಿಲ್ಲ, ಬೈಯಬೇಡ. ನಿನ್ನ ಝೆರಾಕ್ಸಿನ ಹಿಂಬದಿಗಳಿವೆ. ನಲವತ್ತೊಂದು ಉತ್ತರ ಬರೆದಿದ್ದೇನೆ. ಕೆಲವುಗಳ ಮೇಲೆ ಹಾಲಿನ ಕಲೆ ಇದೆ, ಒಂದರ ಮೂಲೆಯನ್ನು ಕುರಿ ತಿಂದಿದೆ. ಕೆಂಪು ಪೆನ್ನಿನಲ್ಲಿ ತಿದ್ದು. ಅಂಕ ಹಾಕುವಾಗ ದೋಸ್ತಿ ಮಾಡಬೇಡ. ನೀನು ಮಾಡುವುದಿಲ್ಲ, ಗೊತ್ತು.

ಹಾಲ್ ಟಿಕೆಟ್ ಬಂದಿದೆ. ನನಗೆ ಸೆಂಟರ್ ಇಲ್ಲೇ ಔರಾದ. ನಿನಗೆ ಬೀದರವಂತೆ. ಒಂದು ರೀತಿ ಚಲೋ. ನಿನ್ನ ಮುಂದಿನ ಬೆಂಚಿನಲ್ಲಿ ನಾನಿರುವುದಿಲ್ಲ.

ರವಿ


ಚಿದ್ರಿ, ಬೀದರ
ಮಾರ್ಚ್ 2026, ಇತಿಹಾಸ ಪೇಪರಿನ ದಿನ

ರವ್ಯಾ,

ಈಗಷ್ಟೇ ಮನೆಗೆ ಬಂದೆ. ಕೈ ನೋಯುತ್ತಿದೆ, ಆದರೂ ಬರೆಯದೆ ಇರಲಾಗುತ್ತಿಲ್ಲ.

ಪರೀಕ್ಷಾ ಕೇಂದ್ರದ ಅಕ್ಕಪಕ್ಕದ ಝೆರಾಕ್ಸ್ ಅಂಗಡಿಗಳನ್ನು ಮುಚ್ಚಬೇಕೆಂದು ಸರ್ಕಾರದ ಆದೇಶ, ಗೊತ್ತಲ್ಲ. ಚಾಚಾ ಬಾಗಿಲಿಗೆ ಬೀಗ ಹಾಕಿ, "ನೀನೊಬ್ಬ ಪೇಪರ್ ಬರೀಲಿ ಅಂತ ಸರ್ಕಾರ ಊರಿನ ಅಂಗಡಿಯೆಲ್ಲ ಬಂದ್ ಮಾಡ್ಯದ ನೋಡು. ಪಾಸಾಗದಿದ್ರ ಮುಖ ತೋರಿಸಬ್ಯಾಡ" ಎಂದ.

ಹಾಲಿನಲ್ಲಿ ಈಗ ಗೋಡೆಗೆ ಕ್ಯಾಮೆರಾ ಇದೆ. ಆದರೂ ಸ್ಕ್ವಾಡ್ ಬಂತು. ಬೂಟಿನ ಸದ್ದು ಕೇಳಿದೊಡನೆ ನನ್ನ ಪೆನ್ನು ನಿಂತಿತು. ಅಧಿಕಾರಿ ನನ್ನ ಪಕ್ಕವೇ ನಿಂತು, "ಇಲ್ಲಿ ಯಾರ ಹತ್ತಿರವಾದರೂ ಏನಾದರೂ ನೋಡಿದೆಯೇನಪ್ಪ?" ಎಂದರು. ಎಲ್ಲ ಬಿಟ್ಟು ಮತ್ತೆ ನನ್ನನ್ನೇ! ನಾನು ಚಸ್ಮಾ ಸರಿಮಾಡಿಕೊಂಡು, "ನಾ ನನ್ನ ಪೇಪರ್ ಬಿಟ್ಟು ಏನೂ ನೋಡಿಲ್ಲರಿ ಸರ್" ಎಂದೆ. ಅದು ಖರೆಯಾಗಿತ್ತು ರವಿ. ಅವರು ಮುಂದೆ ಹೋದರು. ಪೆನ್ನು ತಾನೇ ಓಡಲು ಶುರುವಾಯಿತು.

ಪ್ರಶ್ನೆ ಬಂದಿತ್ತು! ಉತ್ತರ ಮತ್ತು ದಕ್ಷಿಣದ ರಾಜ್ಯಗಳ ಯುದ್ಧ, ಐದು ಅಂಕ. ಕಾರಣ ಬರೆದೆ, ಗೈಡಿನದಲ್ಲ, ನಿಜವಾದದ್ದು. ಪರಿಣಾಮ ಬರೆದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. ನದಿಯನ್ನೂ ಬರೆದೆ. ಕಾಫಿ, ತಂಬಾಕು, ಗೇಣುದ್ದದ ದೋಣಿ. ಪೇಪರ್ ತಿದ್ದುವವರು ಅದಕ್ಕೆ ಅಂಕ ಕೊಡುತ್ತಾರೋ, ಗೀಟು ಎಳೆಯುತ್ತಾರೋ ತಿಳಿಯದು. ಎಳೆದರೂ ಚಿಂತೆಯಿಲ್ಲ. ಈ ಸಲ ಖಾಲಿ ಹಾಳೆ ಕೊಟ್ಟು ಬಂದಿಲ್ಲ.

ನಿನ್ನದು ಹೇಗಾಯಿತು? ಹಾಲಿಗೆ ಹೋದೆ ತಾನೇ?

ಅಖ್ಯಾ


ಔರಾದ
ಮಾರ್ಚ್ 2026, ಮರುದಿನ

ಅಖ್ಯಾ,

ಹೋದೆ. ಗೇಟಿನ ಹತ್ತಿರ ನಿಂತುಬಿಟ್ಟೆ. ಆಯಿ ಜೊತೆಗೆ ಬಂದಿದ್ದಳು. "ನೂರಾ ನಲವತ್ತು ಕುರಿ ಕಾದವಗ ಒಂದು ಕಾಗದ ಕಾಯಲಕ ಆಗಂಗಿಲ್ಲೇನು? ನಡಿ" ಎಂದು ಬೆನ್ನಿಗೆ ಒಂದು ಕೊಟ್ಟಳು. ಒಳಗೆ ಹೋದ ಮೇಲೆ ಮೂರು ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ.

ನಿನ್ನ ಪತ್ರವನ್ನು ಅಮಿತಕುಮಾರ ಬಸ್ಸು ನಿಲ್ಲಿಸಿ ಕೈಗೆ ಕೊಟ್ಟುಹೋದ. ಓದುತ್ತ ನಗು ತಡೆಯಲಾಗಲಿಲ್ಲ. ಯಾಕೆಂದರೆ, ನಾನೂ ನದಿ ಬರೆದಿದ್ದೇನೆ. ಕಾಫಿ, ತಂಬಾಕು, ಚಿಂದಿಯ ಹಾಯಿ, ಎಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ಮಾತು ಔರಾದದ ಒಂದು ಪೇಪರಿನಲ್ಲಿ, ಬೀದರದ ಒಂದು ಪೇಪರಿನಲ್ಲಿ! ಎರಡೂ ಒಬ್ಬರ ಕೈಗೇ ಹೋದರೆ, ಇಬ್ಬರೂ ಸೇರಿ ಕಾಪಿ ಹೊಡೆದಿದ್ದಾರೆ ಎಂದು ಮತ್ತೆ ಕರೆಸುತ್ತಾರೆ. ಕರೆಸಿದರೆ ನೀನೇ ಹೋಗಿ ಹೇಳು. ಅಲ್ಲಿ ಏನು ಹೇಳಬೇಕೆಂದು ನಿನಗೆ ಕಲಿಸಬೇಕಾಗಿಲ್ಲ.

ಭಾನುವಾರ ಸಾಯಗಾಂವಕ್ಕೆ ಹೊರಟಿದ್ದೇನೆ. ಎರಡು ವರ್ಷದ ಮೇಲೆ. ಅಪ್ಪನಿಗೆ ಪ್ರಶ್ನೆಪತ್ರಿಕೆ ತೋರಿಸಬೇಕು. ಒಬ್ಬನೇ ಹೋಗಲು ಇನ್ನೂ ಅಷ್ಟು ಧೈರ್ಯವಿಲ್ಲ. ಹತ್ತು ಗಂಟೆಗೆ ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಬಾ, ಅಲ್ಲಿಂದ ಒಟ್ಟಿಗೆ ಹೋಗೋಣ. ಅವ್ವನಿಗೆ ಇಬ್ಬರು ಬರುತ್ತೇವೆ ಎಂದು ಹೇಳಿ ಕಳಿಸಿದ್ದೇನೆ. ಎಂಟು ರೊಟ್ಟಿಯ ಲೆಕ್ಕ ಅವಳು ಇನ್ನೂ ಮರೆತಿಲ್ಲ.

ಆಯಿಯ ಡಬ್ಬಿ ನಿನ್ನ ಹತ್ತಿರವೇ ಉಳಿದಿದೆ, ಬರುವಾಗ ತಾ. ಖಾಲಿ ಮಾತ್ರ ತರಬೇಡ.

ರವ್ಯಾ